ಉಪ್ಪಜ್ಜಿಗೆ ಕಾರಣ ಸಿಕ್ಕಿದ್ದು

ತಾಲಿನ್ನಿನ ಹಳೆಯ ರೇಡಿಯೊ ಕಟ್ಟಡ, ಮೂರನೆ ಮಹಡಿ.
ಗೋಡೆಗೆಲ್ಲ ಕಂಬಳಿ ಹೊದೆಸಿದ ಕೋಣೆಯಲ್ಲಿ
ನನಗೊಂದು ಎತ್ತರದ ಕುರ್ಚಿ, ಒಂದು ಲೋಟ ಬಿಸಿನೀರು.
ಗಾಜಿನಾಚೆ ಕೌಪೊ ಬೆರಳೆತ್ತಿದರೆ
ನಾನು ಉಪ್ಪಜ್ಜಿ.

ಈ ಗಂಟಲು ಐವತ್ತು ವರ್ಷ ಏನೆಲ್ಲ ಆಗಿದೆ:
ನರಿ, ಮಲತಾಯಿ, ಸಿಡುಕಿನ ಚಹಾ ಕೆಟಲು,
ಮೂರು ಸಲ ಕಪ್ಪೆ.
ಉಪ್ಪಜ್ಜಿ ಮಾತ್ರ ಈ ಕಡೆ ಸುಳಿದಿರಲಿಲ್ಲ.
ಕರೆ ಬಂದಾಗ ಅಂಗೈ ತಣ್ಣಗಾಯಿತು,
ಅರವತ್ತೊಂಬತ್ತರ ಅಂಗೈ.

ಪುಸ್ತಕದಲ್ಲಿ ಅವಳಿಗಿದ್ದದ್ದು ಒಂದೂವರೆ ಪುಟ.
ಹೆಪ್ಪುಗಟ್ಟಿದ ಕಡಲ ಮೇಲೆ ಬರಿಗಾಲಲ್ಲಿ ಬರುತ್ತಾಳೆ,
ಮಲಗಿದ ಮಕ್ಕಳ ಹೆಸರು ನೆಕ್ಕಿ ಹೋಗುತ್ತಾಳೆ.
ಬೆಳಗಾದರೆ ಹೆತ್ತ ತಾಯಿಯೂ
'ಏ, ಇವಳೇ' ಅನ್ನಬೇಕು.
ಯಾಕೆ ನೆಕ್ಕುತ್ತಾಳೆ? ಬರೆದವರು ಹೇಳಲಿಲ್ಲ.
ನಾವೂ ಕೇಳಲಿಲ್ಲ. ಗಾಳಿಯನ್ನು ಯಾರು ಕೇಳುತ್ತಾರೆ?

ಸಾರೆಮಾ ದ್ವೀಪದ ಮನೆಯಲ್ಲಿ ನನ್ನಣ್ಣ ಎಂಡೆಲ್
ಅವಳ ಚಿತ್ರಕ್ಕೆ ಗಂಜಿ ಬಳಿದು
ಪಕ್ಕದ ಪುಟಕ್ಕೆ ಅಂಟಿಸಿಬಿಟ್ಟ.
ಆಮೇಲೆ ಭಯ ಇಮ್ಮಡಿಯಾಯಿತು:
ಒಳಗೇ ಇದ್ದಾಳೆ, ಗಂಜಿ ತಿಂದು ತಿಂದು ದಪ್ಪಗಾಗುತ್ತಿದ್ದಾಳೆ.
ರಾತ್ರಿ ಕಿಟಕಿ ಹಲಗೆಯ ಮೇಲೆ ಒಂದು ಚಿಟಿಕೆ ಉಪ್ಪು.
ಅದನ್ನು ನೆಕ್ಕಲಿ, ನಮ್ಮನ್ನು ಬಿಡಲಿ.

ಈಗಿನ ಉಪ್ಪಜ್ಜಿಗೆ ನಲವತ್ತು ನಿಮಿಷ.
ಬಾಲ್ಯವಿದೆ. ದೋಣಿ ಕಟ್ಟುವ ಗಂಡನಿದ್ದಾನೆ.
ಮುಳುಗಿಹೋದ ಮಗಳಿದ್ದಾಳೆ, ಮಗಳಿಗೊಂದು ಕೆಂಪು ಕೈಗವಸಿದೆ,
ಕೈಗವಸು ತೇಲಿ ಬರುವಾಗ ಹದಿನಾರು ಪಿಟೀಲುಗಳಿವೆ.
ಎಲ್ಲೋ ಬೆಚ್ಚನೆಯ ಊರಿನಲ್ಲಿ, ಹಸಿರು ಬಟ್ಟೆಯ ಮುಂದೆ
ನಟಿ ನಡೆದಿದ್ದಾಳೆ; ಕಡಲನ್ನು ಆಮೇಲೆ ಹಾಸಿದ್ದಾರೆ.
ಚೆನ್ನಾಗಿದೆ, ಸುಳ್ಳೇಕೆ ಹೇಳಲಿ,
ಮಂಜು ನಿಜಕ್ಕೂ ಕರಕರ ಅನ್ನುತ್ತದೆ.

ಅವಳ ತುಟಿ ಆಡುವುದು ಬೇರೆ ಭಾಷೆ.
ತುಟಿ ಕೂಡಿದಲ್ಲೆಲ್ಲ ನಾನೊಂದು ಪ ಹುಡುಕಬೇಕು,
ಒಂದು ಬ, ಒಂದು ಮ;
ತಪ್ಪಿದರೆ ಹೆಣ ಮಾತಾಡಿದ ಹಾಗೆ.
ಐದನೆ ರೀಲಿನಲ್ಲಿ ಅವಳು ಮಗಳನ್ನು ಕೂಗುತ್ತಾಳೆ.
ನಾನು ಕೂಗಿದೆ, ಬಿಕ್ಕದೆ,
ಮಂಜುಗಡ್ಡೆ ಬಿರುಕು ಬಿಟ್ಟಷ್ಟೇ ಸಣ್ಣಗೆ.
ಕೌಪೊ ಎದ್ದು ನಿಂತ. ಇದೇ, ಅಂದ.
ಸಂಜೆ ಆ ಬೆಚ್ಚನೆಯ ಊರಿಂದ ಎರಡು ಸಾಲಿನ ಮೇಲ್:
ಅಳು ಸಾಲದು.
ಪ್ರೇಕ್ಷಕರಿಗೆ ಅವಳು ಅರ್ಥವಾಗಬೇಕು.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ನಾನು ನೀರು ಸುರಿಸಿದೆ.
ನಾಲ್ಕನೆ ಟೇಕ್ ಪಾಸಾಯಿತು.

ಮೊದಲ ದಿನ ಮೊಮ್ಮಗಳು ಪಿಲ್ಲೆ ನನ್ನ ಪಕ್ಕ.
ಏಳು ವರ್ಷ, ಬಾಯಿ ತುಂಬ ಪಾಪ್‌ಕಾರ್ನ್.
ಕೈಗವಸು ತೇಲಿ ಬಂತು, ಪಿಟೀಲು ಏರಿತು,
'ಪಾಪ' ಅಂದಳು.
ಪಾಪ! ನಾನು ಕಂಡ ಅರವತ್ತು ವರ್ಷದಲ್ಲಿ
ಯಾರೂ ಅವಳಿಗೆ ಆ ಮಾತು ಅಂದಿರಲಿಲ್ಲ.
ಕತ್ತಲಲ್ಲಿ ಎಲ್ಲೋ ಹಳೆಯ ಗಂಜಿಯ ಅಂಟು
ಪರ್ರನೆ ಬಿಟ್ಟಿತು.
ಎಂಡೆಲ್ ಇದ್ದಿದ್ದರೆ ನಗುತ್ತಿದ್ದ,
ಅಥವಾ ಎದ್ದು ಹೊರಗೆ ಹೋಗುತ್ತಿದ್ದ.

ಟ್ರಾಮಿನಲ್ಲಿ ಪಿಲ್ಲೆ ಕಿಟಕಿಯ ಹಬೆಯ ಮೇಲೆ
ತನ್ನ ಹೆಸರು ಬರೆದು, ಬೇಗ ಒರೆಸಿ, ಕೇಳಿದಳು:
'ಅವಳ ಮಗಳು ಸತ್ತಳು, ಸರಿ.
ಅದಕ್ಕೆ ನಮ್ಮ ಹೆಸರು ಯಾಕೆ?
ನನ್ನದು ಚಿಕ್ಕದು ಅಜ್ಜಿ,
ಒಂದೇ ನೆಕ್ಕಿಗೆ ಮುಗಿಯುತ್ತೆ.'

ನಲವತ್ತು ನಿಮಿಷದಲ್ಲಿ ಅದಕ್ಕೆ ಉತ್ತರವಿರಲಿಲ್ಲ.
ನನ್ನಲ್ಲೂ.

ಅವಳಿಗೆ ನಿದ್ದೆ ಹತ್ತಿದ ಮೇಲೆ
ಕಿಟಕಿ ಹಲಗೆಯ ಮೇಲೆ ಒಂದು ಚಿಟಿಕೆ ಇಟ್ಟೆ.
ನಮ್ಮದು ಐದನೆ ಮಹಡಿ, ಕಡಲು ಎರಡು ಮೈಲಿ ದೂರ,
ಈಚೆಗೆ ಅದು ಹೆಪ್ಪುಗಟ್ಟುವುದೂ ಅಪರೂಪ.

ಬೆಳಿಗ್ಗೆ ಉಪ್ಪಿನ ನಡುವೆ ಬೆರಳಗಲ ಖಾಲಿ.
ಅವಳೇ ಇರಬೇಕು, ಸಿಕ್ಕಿದ್ದೆಲ್ಲ ಬಾಯಿಗಿಡುವ ಹುಡುಗಿ.
ತಿಂಡಿಗೆ ಕರೆಯಲು ಬಾಯಿ ತೆರೆದೆ.
ತುಟಿ ಕೂಡಿತು,
ಪ-ದ ತನಕ ಬಂದು ನಿಂತಿತು.

'ಏ, ಇವಳೇ' ಅಂದೆ.
ಅವಳು ಚಮಚ ಕೆಳಗಿಟ್ಟು ನನ್ನನ್ನು ನೋಡಿದಳು.